ಪುಸ್ತಕ ಮುಚ್ಚಿಡಿ ಎನ್ನುವವರಿಗೆ

ಕೋಲಾರ ಜಿಲ್ಲೆಯ ನಮ್ಮ ಸಣ್ಣ ತರಕಾರಿ ತೋಟದಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕವಿದೆ. ಯಾವ ಪಾತಿಗೆ ಯಾವ ದಿನ ಏನು ಹಾಕಿದೆವು, ಏನು ಸಿಂಪಡಿಸಿದೆವು, ಸಸಿ ಎಲ್ಲಿಂದ ಬಂತು, ಗೊಬ್ಬರ ಯಾವ ಊರಿನ ಕೊಟ್ಟಿಗೆಯದು, ನೀರು ಯಾವ ಬೋರ್‌ವೆಲ್‌ನದು ಎಲ್ಲವೂ ಅದರಲ್ಲಿ ಇರುತ್ತದೆ. ಭಾನುವಾರ ಬೆಂಗಳೂರಿನಲ್ಲಿ ತರಕಾರಿ ಮಾರಲು ಕೂತಾಗ ತಕ್ಕಡಿಯ ಪಕ್ಕದಲ್ಲಿ ಆ ಪುಸ್ತಕವನ್ನೂ ಇಡುತ್ತೇವೆ. ಬೇಕಾದವರು ತಿರುವಿ ನೋಡಬಹುದು. ಹೆಚ್ಚಿನವರು ನೋಡುವುದಿಲ್ಲ, ಬೆಂಡೆಕಾಯಿಯ ತುದಿ ಮುರಿದು ನೋಡಿ, ಚೀಲ ತುಂಬಿಸಿಕೊಂಡು ಹೊರಟುಬಿಡುತ್ತಾರೆ. ಹೀಗೆ ಯಾರೂ ಅಷ್ಟಾಗಿ ಓದದ ಪುಸ್ತಕವೊಂದರ ಮೇಲೆ ಇಷ್ಟೊಂದು ಜನಕ್ಕೆ ಸಿಟ್ಟು ಬರುತ್ತದೆಂದು ನಾನು ಎಣಿಸಿರಲಿಲ್ಲ. ಸಿಟ್ಟು ಬಂದಿರುವುದು ರಾಸಾಯನಿಕ ಕಂಪನಿಗಳಿಗಲ್ಲ. ನಮ್ಮವರಿಗೇ. ಜೊತೆಯ ಸಾವಯವ ಬೆಳೆಗಾರರಿಗೆ, ಸಾವಯವ ಅಂಗಡಿ ನಡೆಸುವವರಿಗೆ, ಒಂದಿಬ್ಬರು ಹಳೆಯ ಗ್ರಾಹಕರಿಗೆ. ಅವರು ಎದುರಿಗೂ ಬೆನ್ನ ಹಿಂದೆಯೂ ಹೇಳಿದ ಮಾತುಗಳಿಗೆ ಇಲ್ಲಿ ಉತ್ತರ ಕೊಡುತ್ತೇನೆ.

ಎಲ್ಲರೂ ಮೊದಲು ಎತ್ತುವುದು ಹೆದರಿಕೆಯ ಮಾತು. ‘ಮೈಲುತುತ್ತ ಹೊಡೆದೆವು ಅಂತ ಬರೆದಿಟ್ಟರೆ ನಿಮ್ಮ ಟೊಮೆಟೊ ಯಾರು ಕೊಳ್ತಾರೆ? ಸಾವಯವ ಅಂದ್ರೆ ಏನೂ ಹೊಡೆಯಲ್ಲ ಅಂತ ಜನ ನಂಬಿದ್ದಾರೆ. ನಂಬಿಕೊಂಡಿರಲಿ ಬಿಡಿ.’ ಈ ಸಲಹೆಯ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಜನ ತಪ್ಪು ತಿಳಿದಿದ್ದಾರೆ ಎಂಬುದು ಹೇಳುವವರಿಗೂ ಗೊತ್ತು; ಆ ತಪ್ಪು ತಿಳಿವಳಿಕೆಯಿಂದ ವ್ಯಾಪಾರ ನಡೆಯುತ್ತಿದೆ, ಅದನ್ನು ಕೆಡಿಸಬೇಡಿ ಎಂಬುದು ಅವರ ಕೋರಿಕೆ. ಆ ನಂಬಿಕೆ ಹುಟ್ಟಿಸಿದವರು ಯಾರು? ಪೊಟ್ಟಣದ ಮೇಲೆ ಹಸಿರೆಲೆ, ಹಸು, ನಗುವ ರೈತನ ಚಿತ್ರ ಅಚ್ಚು ಹಾಕಿಸಿದವರು ನಾವೇ. ಈಗ ಆ ಚಿತ್ರಕ್ಕೆ ಹೆದರಿ ತೋಟದ ಸತ್ಯವನ್ನು ಮುಚ್ಚಿಡಬೇಕಂತೆ.

ಮೈಲುತುತ್ತದ ವಿಷಯವನ್ನೇ ಬಿಡಿಸಿ ಹೇಳುತ್ತೇನೆ, ಏಕೆಂದರೆ ಜಗಳವೆಲ್ಲ ಶುರುವಾದದ್ದು ಅಲ್ಲಿಂದ. ಮಳೆ ಹಿಡಿದು ಮೋಡ ಕವಿದ ವಾರದಲ್ಲಿ ಟೊಮೆಟೊಗೆ ಅಂಗಮಾರಿ ಬಂದರೆ ಜೀವಾಮೃತ, ಹುಳಿ ಮಜ್ಜಿಗೆ ಎಂದು ಕೂರುವಷ್ಟು ಸಮಯ ಇರುವುದಿಲ್ಲ. ಮೂರ್ನಾಲ್ಕು ದಿನದಲ್ಲಿ ತಾಕು ಸುಟ್ಟಂತೆ ಕಪ್ಪಾಗುತ್ತದೆ. ಆಗ ನಾವು ಶೇ. 1ರ ಬೋರ್ಡೋ ದ್ರಾವಣ ಹೊಡೆಯುತ್ತೇವೆ: 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಸಾವಯವ ಮಾನದಂಡಗಳು ಇದನ್ನು ನಿರ್ಬಂಧದೊಂದಿಗೆ ಒಪ್ಪುತ್ತವೆ. ಇದೇನು ಹೊಸ ವಿಷವೂ ಅಲ್ಲ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಕಾರಣವನ್ನು ಹುಡುಕಿ, ಇದೇ ದ್ರಾವಣವನ್ನು ಗೊನೆಗೆ ಹೊಡೆಯಲು ಕಲಿಸಿದರು. ನಮ್ಮ ಪುಸ್ತಕದಲ್ಲಿ ‘ಬೋರ್ಡೋ’ ಎಂದು ಕಂಡು ಬೆಚ್ಚಿದವರಿದ್ದಾರೆ, ನಿಜ. ಅದೇ ಪುಟವನ್ನು ಓದಿದ ತೀರ್ಥಹಳ್ಳಿ ಕಡೆಯ ಅಜ್ಜಿಯೊಬ್ಬರು ಕನ್ನಡಕ ಮೇಲೆತ್ತಿ, ‘ಇದು ಅಡಿಕೆ ಕೊನೆಗೆ ಹೊಡೆಯೋ ಮದ್ದಲ್ವೇನಪ್ಪಾ? ಇದಕ್ಕೆ ಯಾಕೆ ಇಷ್ಟು ದೊಡ್ಡ ಅಕ್ಷರದಲ್ಲಿ ಬರ್ದಿದ್ದೀಯ?’ ಎಂದು ಕೇಳಿ ಎರಡು ಕೆಜಿ ಟೊಮೆಟೊ ಒಯ್ದರು.

ದೊಡ್ಡ ಅಕ್ಷರದಲ್ಲಿ ಬರೆಯಲು ಕಾರಣವಿದೆ. ತಾಮ್ರ ಬೇವಿನಂತೆ ಬಿಸಿಲಿಗೆ ಕರಗಿ ಹೋಗುವ ವಸ್ತುವಲ್ಲ. ಮಣ್ಣಿಗೆ ಬಿದ್ದರೆ ಅಲ್ಲೇ ಕೂರುತ್ತದೆ, ವರ್ಷದಿಂದ ವರ್ಷಕ್ಕೆ ಜಮೆಯಾಗುತ್ತದೆ, ಮಿತಿ ಮೀರಿದರೆ ಎರೆಹುಳಕ್ಕೂ ಸೂಕ್ಷ್ಮಜೀವಿಗಳಿಗೂ ಕೇಡು. ಐರೋಪ್ಯ ಒಕ್ಕೂಟ ಅದಕ್ಕೆಂದೇ ಏಳು ವರ್ಷಕ್ಕೆ ಹೆಕ್ಟೇರಿಗೆ ಒಟ್ಟು 28 ಕೆಜಿ ತಾಮ್ರ ಎಂಬ ಮಿತಿ ಹಾಕಿದೆ. ನಮ್ಮ ಲೆಕ್ಕಕ್ಕೆ ಇಳಿಸಿದರೆ ಎಕರೆಗೆ ವರ್ಷಕ್ಕೆ ಸರಾಸರಿ ಸುಮಾರು 1.6 ಕೆಜಿ. ಮೈಲುತುತ್ತದಲ್ಲಿ ತಾಮ್ರದ ಪಾಲು ಕಾಲು ಭಾಗ. ಎಕರೆಗೆ 200 ಲೀಟರ್ ದ್ರಾವಣ ಹೊಡೆದರೆ ಅರ್ಧ ಕೆಜಿ ತಾಮ್ರ ಹೋಯಿತು. ಮೂರು ಸಲ ಹೊಡೆದರೆ ಆ ಮಿತಿಯ ಅಂಚಿಗೆ ಬಂದಂತೆ. ಆ ಮಿತಿ ನಮ್ಮ ದೇಶದ ಕಾನೂನಲ್ಲ, ಆದರೂ ನಾನು ಅದನ್ನೇ ಇಟ್ಟುಕೊಂಡು ಲೆಕ್ಕ ಹಾಕುತ್ತೇನೆ. ಬರೆದಿಟ್ಟಿದ್ದರಿಂದ ನಾಲ್ಕನೆಯ ಸಲ ಪಂಪು ಹೆಗಲಿಗೇರಿಸುವ ಮುನ್ನ ಕೈ ತಡೆಯುತ್ತದೆ. ‘ಏನೂ ಹೊಡೆಯಲ್ಲ’ ಎಂದು ಮಾರುವವರ ತೋಟದಲ್ಲಿ ಈ ಲೆಕ್ಕ ಯಾರು ಇಡುತ್ತಾರೆ? ಹೊಡೆದೇ ಇಲ್ಲವೆಂದ ಮೇಲೆ ಎಷ್ಟು ಹೊಡೆದಿರಿ ಎಂದು ಯಾರೂ ಕೇಳುವಂತಿಲ್ಲ.

ಇದಕ್ಕಿಂತ ಇರುಸುಮುರುಸಿನ ಇನ್ನೊಂದು ಸಾಲಿದೆ: ಬಿಟಿ. ಬಿಟಿ ಬದನೆ ಬೇಡವೆಂದು ಬೀದಿಗಿಳಿದವರು ನಾವು; ಬೆಂಗಳೂರಿನಲ್ಲೂ ಸಾರ್ವಜನಿಕ ವಿಚಾರಣೆ ನಡೆದು 2010ರ ಫೆಬ್ರವರಿಯಲ್ಲಿ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಅದಕ್ಕೆ ತಡೆ ಹಾಕಿದ್ದು ನಮ್ಮೆಲ್ಲರ ಹೆಮ್ಮೆ. ಆ ಬದನೆಗೆ ಯಾವ ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿದ್ದರೋ ಅದೇ ಬ್ಯಾಕ್ಟೀರಿಯಾದ ಪುಡಿಯನ್ನು ಎಲೆಕೋಸಿನ ಹುಳಕ್ಕೆ ಸಿಂಪಡಿಸುವ ಸಾವಯವ ತೋಟಗಳೂ ಇವೆ, ನಮ್ಮದೂ ಸೇರಿ. ಸಿಂಪಡಿಸಿದ್ದು ಕೆಲವೇ ದಿನದಲ್ಲಿ ಬಿಸಿಲಿಗೆ ಕೆಡುತ್ತದೆ, ಗಿಡದ ಒಳಗೇ ಕೂರಿಸಿದ್ದು ಹೂವಿನಿಂದ ಕಾಯಿಯವರೆಗೆ ಗಿಡ ಇರುವಷ್ಟು ಕಾಲ ಇರುತ್ತದೆ ಎಂಬುದು ನಮ್ಮ ವಾದ. ಒಳ್ಳೆಯ ವಾದವೇ. ಹಾಗಿದ್ದರೆ ಅದನ್ನು ಗ್ರಾಹಕನ ಮುಂದೆ ಹೇಳಲು ನಾಚಿಕೆ ಏಕೆ? ‘ಬಿಟಿ ಅಂತ ಬರೀಬೇಡಿ, ಜೈವಿಕ ಕೀಟನಾಶಕ ಅಂತ ಬರೀರಿ’ ಎಂದು ಒಬ್ಬ ಹಿರಿಯ ಬೆಳೆಗಾರರು ಬುದ್ಧಿ ಹೇಳಿದರು. ನಾನು ಬಿಟಿ ಎಂದೇ ಬರೆಯುತ್ತೇನೆ. ಕೇಳಿದವರಿಗೆ ವಿವರಿಸಲು ಭಾನುವಾರ ಸಮಯ ಹಿಡಿಯುತ್ತದೆ, ಅಷ್ಟೇ.

ಇನ್ನು, ‘ನಿಮ್ಮ ವಿದ್ಯೆಯೆಲ್ಲ ಬೇರೆಯವರು ಕದ್ದುಕೊಳ್ತಾರೆ’ ಎನ್ನುವವರಿಗೆ. ಯಾವ ವಿದ್ಯೆ? ಎಲೆಕೋಸಿನ ಪ್ರತಿ 25 ಸಾಲಿಗೆ ಎರಡು ಸಾಲು ಸಾಸಿವೆ ಹಾಕುತ್ತೇವೆ. ಒಂದು ಸಾಲು ಕೋಸು ನಾಟಿ ಮಾಡುವ ಹದಿನೈದು ದಿನ ಮೊದಲು, ಇನ್ನೊಂದು ನಾಟಿಯಾಗಿ ಇಪ್ಪತ್ತೈದು ದಿನಕ್ಕೆ. ಡೈಮಂಡ್‌ಬ್ಯಾಕ್ ಪತಂಗ ಕೋಸು ಬಿಟ್ಟು ಸಾಸಿವೆಯ ಮೇಲೆ ಮೊಟ್ಟೆಯಿಡುತ್ತದೆ. ಸಾಸಿವೆಯ ಎಲೆ ಜರಡಿಯಂತಾದಾಗ ನೋಡಲು ಅಸಹ್ಯ, ಪಕ್ಕದ ಕೋಸಿನ ಗೆಡ್ಡೆ ಮಾತ್ರ ಶುಚಿ. ಇದನ್ನು ಕಂಡುಹಿಡಿದದ್ದು ನಾನಲ್ಲ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಕೊಟ್ಟಿಗೆ ಗೊಬ್ಬರವನ್ನು ಹೇಗೆ ಕೊಳೆಸಬೇಕೆಂದು ನನ್ನ ಓರಗೆಯ ಎಷ್ಟೋ ಮಂದಿ ಕಲಿತದ್ದು ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರ ತೋಟದಲ್ಲಿ. 2019ರಲ್ಲಿ ತೀರಿಕೊಳ್ಳುವವರೆಗೂ ಅವರು ಬಂದವರಿಗೆ ಹೊಲ ಸುತ್ತಿಸಿ ಹೇಳಿಕೊಡುತ್ತಿದ್ದರು. ಪುತ್ತೂರಿನ ‘ಅಡಿಕೆ ಪತ್ರಿಕೆ’ 1988ರಿಂದ ರೈತರ ಕೈಗೇ ಲೇಖನಿ ಕೊಟ್ಟು ಅವರವರ ತೋಟದ ಕಥೆ ಬರೆಸುತ್ತಿದೆ. ಬೇರೆಯವರ ಬಿಚ್ಚುಮನಸ್ಸಿನಿಂದ ಕಲಿತದ್ದನ್ನು ನನ್ನದೇ ಗುಟ್ಟು ಎಂದು ಕಟ್ಟಿಡಲು ನನಗೆ ಮುಖವಿಲ್ಲ.

‘ಪ್ರಮಾಣಪತ್ರ ಇದೆಯಲ್ಲ, ಮತ್ತೆ ಪುಸ್ತಕ ಯಾಕೆ?’ ಎಂಬುದು ಅಂಗಡಿಯವರ ಪ್ರಶ್ನೆ. ಪ್ರಮಾಣಪತ್ರದ ಮೇಲೆ ನನಗೆ ತಕರಾರಿಲ್ಲ. ವಾಣಿಜ್ಯ ಸಚಿವಾಲಯ 2001ರಲ್ಲಿ ತಂದ ಎನ್‌ಪಿಒಪಿ ವ್ಯವಸ್ಥೆಯಲ್ಲಿ ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡುತ್ತದೆ. ವಾರ್ಷಿಕ ಬೆಳೆಗಳಿಗೆ ಎರಡು ವರ್ಷದ ಪರಿವರ್ತನೆಯ ಅವಧಿ ದಾಟಬೇಕು. ನಮ್ಮಂಥ ಸಣ್ಣವರಿಗೆ ಕೃಷಿ ಸಚಿವಾಲಯದ ಪಿಜಿಎಸ್ ಇದೆ. ಅಲ್ಲಿ ಕನಿಷ್ಠ ಐವರು ರೈತರ ಗುಂಪು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಸಾಕ್ಷಿ ಹೇಳುತ್ತದೆ. ಎರಡರಲ್ಲೂ ದಾಖಲೆ ಇಡಲೇಬೇಕು. ಅಂದರೆ ಪುಸ್ತಕ ಹೇಗೂ ಇದೆ. ತಪಾಸಣೆಯವರಿಗೆ ತೋರಿಸುವುದನ್ನು ತಿನ್ನುವವರಿಗೆ ತೋರಿಸಬಾರದು ಎಂಬುದಷ್ಟೇ ಇಲ್ಲಿರುವ ವಾದ. ಇದಕ್ಕೆ ಯಾವ ತರ್ಕವೂ ನನಗೆ ಕಾಣುವುದಿಲ್ಲ. ಪ್ರಮಾಣಪತ್ರ ಹೌದು ಅಥವಾ ಇಲ್ಲ ಎನ್ನುತ್ತದೆ. ಈ ಗುರುವಾರ ಈ ಪಾತಿಯ ಬೀನ್ಸ್‌ಗೆ ಏನಾಯಿತು ಎಂದು ಅದು ಹೇಳುವುದಿಲ್ಲ, ಹೇಳುವ ಉದ್ದೇಶವೂ ಅದಕ್ಕಿಲ್ಲ. ಮೇಲಾಗಿ, ರೈತ ಗ್ರಾಹಕನಿಗೆ ನೇರವಾಗಿ ಮಾರಿದರೆ ಪ್ರಮಾಣಪತ್ರ ಬೇಕಿಲ್ಲವೆಂಬ ವಿನಾಯಿತಿಯನ್ನು 2017ರ ಸಾವಯವ ಆಹಾರ ನಿಯಮಗಳಲ್ಲೇ ಕೊಟ್ಟಿದ್ದಾರೆ. ಆ ವಿನಾಯಿತಿಯ ನೆರಳಿನಲ್ಲಿ ಮಾರುವ ನಮಗೆ ಮುಚ್ಚಿಡುವ ಹಕ್ಕು ಇನ್ನೂ ಕಡಿಮೆ.

ಇವರ ಜೊತೆಗೇ ‘ಲ್ಯಾಬ್ ರಿಪೋರ್ಟ್ ಅಂಟಿಸಿಬಿಡಿ, ಸಾಕು’ ಎನ್ನುವವರೂ ಇದ್ದಾರೆ. ಅದೇ ನಿಯಮಗಳ ಪ್ರಕಾರ ಸಾವಯವ ಆಹಾರದಲ್ಲಿ ಕೀಟನಾಶಕದ ಉಳಿಕೆ ಸಾಮಾನ್ಯ ಆಹಾರಕ್ಕಿರುವ ಮಿತಿಯ ಶೇ. 5ನ್ನು, ಅಥವಾ ಯಂತ್ರ ಅಳೆಯಬಲ್ಲ ಕನಿಷ್ಠ ಮಟ್ಟವನ್ನು, ಇವೆರಡರಲ್ಲಿ ಹೆಚ್ಚಿನದನ್ನು ಮೀರಬಾರದು. ಕಟ್ಟುನಿಟ್ಟಿನ ಅಳತೆಯೇ. ಆದರೆ ರಿಪೋರ್ಟು ಮಾತಾಡುವುದು ಅಂದು ಡಬ್ಬಿಗೆ ಹಾಕಿಕೊಟ್ಟ ಕಾಯಿಯ ಬಗ್ಗೆ. ನಾಳೆ ಕೊಯ್ಯುವ ಕಾಯಿಯ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಈಗ ನಿಜಕ್ಕೂ ತೂಕವಿರುವ ಆಕ್ಷೇಪಕ್ಕೆ ಬರುತ್ತೇನೆ. ಕೃಷಿ ಪದವಿ ಓದಿದ ಯುವಕನೊಬ್ಬ, ನಮ್ಮ ಹಳೆಯ ಗ್ರಾಹಕ, ಕೇಳಿದ: ‘ಸರ್, ಪುಸ್ತಕದಲ್ಲಿ ಯಾರು ಏನು ಬೇಕಾದರೂ ಬರೀಬಹುದು. ನೀವು ಬರೆದದ್ದು ನಿಜ ಅಂತ ನಾನು ಯಾಕೆ ನಂಬಲಿ?’ ನಂಬಬೇಡಿ ಎಂದೆ. ಪುಸ್ತಕ ಸಾಕ್ಷಿಯಲ್ಲ, ಪ್ರಶ್ನೆ ಕೇಳಲು ಕೊಟ್ಟ ಹಿಡಿ. ಸುಳ್ಳು ಬರೆಯಬಹುದು. ಆದರೆ ದಿನಾಂಕ, ತಾಕು, ಪ್ರಮಾಣ ಹಾಕಿ ಸುಳ್ಳು ಬರೆದರೆ ಅದು ಎಷ್ಟೋ ಕಡೆ ಹೊಂದಬೇಕಾಗುತ್ತದೆ. ಮಂಗಳವಾರ ಬೋರ್ಡೋ ಹೊಡೆದೆವು ಎಂದಿದ್ದರೆ ಗುರುವಾರ ಬಂದವರಿಗೆ ಎಲೆಯ ಮೇಲೆ ತಿಳಿನೀಲಿ ಕಲೆ ಕಾಣಬೇಕು. ಬೇವಿನ ಹಿಂಡಿ ಹಾಕಿದೆವು ಎಂದಿದ್ದರೆ ಅಂಗಡಿಯ ಬಿಲ್ಲಿನಲ್ಲಿ ಅಷ್ಟು ಚೀಲ ಇರಬೇಕು. ಕಳೆ ಕೀಳಲು ಬರುವ ಹೆಂಗಸರನ್ನು ಮಾತಾಡಿಸಿದರೆ ಯಾವ ದಿನ ಯಾವ ಡ್ರಮ್ಮಿನಲ್ಲಿ ಏನು ಕಲಸಿದರು ಎಂದು ಅವರು ಹೇಳುತ್ತಾರೆ. ಅವರ ಬಾಯಿ ಕಟ್ಟಲು ನನ್ನಿಂದಾಗದು. ‘ನೂರಕ್ಕೆ ನೂರು ಸಾವಯವ’ ಎಂಬ ಫಲಕವನ್ನು ಹೀಗೆ ಎಲ್ಲಿಯೂ ತಾಳೆ ನೋಡಲಾಗುವುದಿಲ್ಲ, ಏಕೆಂದರೆ ಅದು ಏನನ್ನೂ ಹೇಳಿಯೇ ಇಲ್ಲ.

ಆ ಯುವಕ ಅಷ್ಟಕ್ಕೆ ಬಿಡಲಿಲ್ಲ. ‘ಹೊಡೆದದ್ದು ಬರೀತೀರಿ, ಒಳಗೇ ಬಂದದ್ದು?’ ಎಂದ. ಇದು ತೋಟಗಾರಿಕೆ ಬಲ್ಲವನ ಪ್ರಶ್ನೆ. ಪೇಟೆಯಲ್ಲಿ ಸಿಗುವ ಹೈಬ್ರಿಡ್ ಬೀಜದ ಪೊಟ್ಟಣ ಒಡೆದರೆ ಎಷ್ಟೋ ಸಲ ಬೀಜ ಗುಲಾಬಿ ಬಣ್ಣಕ್ಕಿರುತ್ತದೆ. ಅದು ಥೈರಾಮ್‌ನಂಥ ಶಿಲೀಂಧ್ರನಾಶಕ ಲೇಪಿಸಿದ ಗುರುತು. ಸಸಿಗಳ ಕಥೆ ಇನ್ನೂ ಆಳದ್ದು. ನಮ್ಮ ಕಡೆ ಟೊಮೆಟೊ, ಬದನೆ, ಮೆಣಸಿನಕಾಯಿಗೆ ಬಹುತೇಕ ರೈತರು ನೆರಳುಪರದೆಯ ನರ್ಸರಿಯಿಂದ ತೆಂಗಿನನಾರಿನ ಪುಡಿ ತುಂಬಿದ ಟ್ರೇಗಳಲ್ಲಿ ಬೆಳೆದ ಸಸಿ ತರುತ್ತಾರೆ. ಎಲೆಮುದುಡು ಹರಡುವ ಬಿಳಿನೊಣ ತಡೆಯಲು ಅಲ್ಲಿ ಇಮಿಡಾಕ್ಲೋಪ್ರಿಡ್‌ನಂಥದ್ದನ್ನು ಬೇರಿಗೇ ಹಾಕುವುದು ಸಾಮಾನ್ಯ. ಬೇರಿನಿಂದ ಏರಿ ಗಿಡದ ಉದ್ದಕ್ಕೂ ಹರಿಯುವ ಔಷಧಿ ಅದು. ಅಂಥ ಸಸಿ ತಂದು ನೆಟ್ಟು, ಆಮೇಲೆ ಗೋಮೂತ್ರ ಹೊಡೆದು, ಸಾವಯವ ಬದನೆ ಎಂದು ಮಾರಿದರೆ ಹೊಲದಲ್ಲಿ ಮಾಡಿದ್ದೆಲ್ಲ ನಿಜವೇ ಆಗಿದ್ದರೂ ಮಾರಾಟ ಸುಳ್ಳು. ಆದ್ದರಿಂದ ಸಸಿಗೆ ಪುಸ್ತಕದಲ್ಲಿ ಬೇರೆಯದೇ ಅಂಕಣವಿದೆ. ನಾವು ಸಸಿ ಮನೆಯಲ್ಲೇ ಮಾಡುತ್ತೇವೆ. ಕಳೆದ ಮಳೆಗಾಲ ಟ್ರೇಗಳಿಗೆ ಸೊರಗು ಹತ್ತಿ ಬದನೆ ಸಸಿ ಹೊರಗಿನಿಂದ ತರಬೇಕಾಯಿತು. ನರ್ಸರಿಯವರು ಏನು ಹಾಕಿದ್ದರೆಂದು ಕೇಳಿ ಬರೆದುಕೊಂಡೆವು, ಆ ಬದನೆಯನ್ನು ಬೇರೆ ಬುಟ್ಟಿಯಲ್ಲಿಟ್ಟು ಸಾವಯವವಲ್ಲ ಎಂದು ಹೇಳಿ ಕಡಿಮೆ ದರಕ್ಕೆ ಮಾರಿದೆವು. ‘ಯಾರು ಕೇಳ್ತಿದ್ರು?’ ಎಂದು ಜೊತೆಯವರು ನಕ್ಕರು. ಆ ಯುವಕ ಕೇಳಿದನಲ್ಲ.

ಮುಂದಿನದು ನೆರೆಹೊರೆಯ ವಿಷಯ. ಪಕ್ಕದ ಹೊಲದಿಂದ ಔಷಧಿ ಗಾಳಿಗೆ ತೇಲಿ ಬಂದರೆ ನಾವು ಅದನ್ನೂ ಬರೆಯುತ್ತೇವೆ. ಇದಕ್ಕೆ ಎರಡು ಕಡೆಯಿಂದ ಬೈಗುಳ. ‘ನಿಮ್ಮ ಬೆಳೆಗೇ ಕಳಂಕ ಹಚ್ಚಿಕೊಳ್ತೀರಿ’ ಎಂದು ಸಾವಯವದವರು, ‘ಅಕ್ಕಪಕ್ಕದವರ ಮರ್ಯಾದೆ ತೆಗೀತೀರಿ’ ಎಂದು ಊರಿನವರು. ಪುಸ್ತಕದಲ್ಲಿ ಯಾರ ಹೆಸರೂ ಇಲ್ಲ. ‘ಪಡುವಣ ಬದು, ಗಾಳಿ ಈ ಕಡೆಗೆ, ಬದುವಿನ ಎರಡು ಸಾಲು ಬೀನ್ಸ್ ಬಿಟ್ಟೆವು’ ಎಂದಷ್ಟೇ ಇರುತ್ತದೆ. ಪಕ್ಕದವನು ಖಳನಾಯಕನೂ ಅಲ್ಲ. ಸಾಲ ಮಾಡಿ ಟೊಮೆಟೊ ಇಟ್ಟು, ಬಾಕ್ಸಿಗೆ ಕೂಲಿಯೂ ಗಿಟ್ಟದ ದರ ಬಂದಾಗ ರಸ್ತೆಗೆ ಸುರಿದು ಬಂದವನು. ಪುಸ್ತಕದಿಂದ ನಮ್ಮಿಬ್ಬರ ನಡುವೆ ಜಗಳ ಆಗಲಿಲ್ಲ. ಒಂದು ಸಲ ತಾನೇ ಬಂದು ಆ ಸಾಲನ್ನು ಓದಿಸಿಕೊಂಡ. ಈಗ ಹಿಂದಿನ ರಾತ್ರಿಯೇ ಫೋನು ಬರುತ್ತದೆ: ‘ಅಣ್ಣಾ, ಬೆಳಿಗ್ಗೆ ಹೊಡೀತೀನಿ, ಆ ಕಡೆ ಸೊಪ್ಪು ಇದ್ರೆ ಇವತ್ತೇ ಕೊಯ್ಕೊಂಬಿಡು.’ ಬದುವಿನಲ್ಲಿ ಈಗ ಅಗಸೆಯ ಸಾಲು ಬೆಳೆಸಿದ್ದೇವೆ. ಅರ್ಧ ಬೀಜ ಅವನೇ ತಂದುಕೊಟ್ಟ.

ನೀರಿನ ಬಗ್ಗೆ ಎಲ್ಲರೂ ಪಿಸುಮಾತಿನಲ್ಲೇ ಹೇಳುತ್ತಾರೆ: ‘ಕೋಲಾರ ಅಂತ ಹಾಕಲೇಬೇಡಿ.’ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸಲು ಶುರುಮಾಡಿದ್ದು 2018ರಲ್ಲಿ. ಕೆರೆ ತುಂಬಿ ಅಂತರ್ಜಲ ಏರಲಿ ಎಂಬುದು ಯೋಜನೆಯ ಉದ್ದೇಶ. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಕಂಡ ರೈತರು ಖುಷಿಪಟ್ಟರು. ಮೂರನೆಯ ಹಂತದ ಸಂಸ್ಕರಣೆ ಬೇಕೇ ಬೇಕು ಎಂದು ಇಲ್ಲಿನ ಹೋರಾಟಗಾರರು ನ್ಯಾಯಾಲಯದವರೆಗೆ ಹೋದರು. ಎರಡೂ ನಿಜ. ಈಗ ಬೆಂಗಳೂರಿನ ಗ್ರಾಹಕರು ‘ಇದು ಕೆಸಿ ವ್ಯಾಲಿ ನೀರಿನ ತರಕಾರೀನಾ?’ ಎಂದು ಮೂಗು ಮುರಿಯುತ್ತಾರೆ. ತಮ್ಮದೇ ಸಿಂಕಿನಿಂದ ಹೊರಟ ನೀರಿನ ಬಗ್ಗೆ ಇಷ್ಟು ಅಸಹ್ಯ ಇರಬಾರದು ಎಂದು ನನಗೆ ನಾಲಿಗೆ ತುದಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ. ಕೇಳುವ ಹಕ್ಕು ಅವರಿಗಿದೆ. ನಮ್ಮ ಬೋರ್‌ವೆಲ್ ಎಲ್ಲಿದೆ, ಅಂಥ ಕೆರೆ ಎಷ್ಟು ದೂರ, ನೀರಿನ ಪರೀಕ್ಷೆಯಲ್ಲಿ ಏನು ಬಂತು ಎಂಬುದು ಪುಸ್ತಕದ ಮೊದಲ ಪುಟದಲ್ಲೇ ಇದೆ. ಜಿಲ್ಲೆಯ ಹೆಸರು ಅಳಿಸಿ ‘ಬೆಟ್ಟದ ತಪ್ಪಲಿನ ಶುದ್ಧ ತರಕಾರಿ’ ಎಂದು ಮಾರುವುದಕ್ಕಿಂತ ಇದು ಮೇಲು. ಹಾಗೆ ಮಾರುವವರು ನಮ್ಮ ಸುತ್ತಮುತ್ತ ಇದ್ದಾರೆ, ಬೆಟ್ಟ ಮಾತ್ರ ಎಲ್ಲಿಯೂ ಇಲ್ಲ.

‘ಬರೆಯೋಕೆ ಪುರುಸೊತ್ತೆಲ್ಲಿ?’ ಎನ್ನುವವರಿಗೆ ಉದ್ದ ಉತ್ತರ ಬೇಡ. ಸಂಜೆ ಪಂಪು ತೊಳೆದಿಡುವ ಹೊತ್ತಿಗೆ ಎರಡು ಸಾಲು. ಹಾಲಿನ ಡೈರಿಯ ಲೆಕ್ಕ ಬರೆಯುವವರಿಗೆ ಇದು ಭಾರವಲ್ಲ.

‘ನೋಡಿ, ಇವರೇ ಒಪ್ಪಿಕೊಂಡ್ರು, ಸಾವಯವ ಅನ್ನೋದೆಲ್ಲ ಬೂಟಾಟಿಕೆ’ ಎಂದು ನಮ್ಮ ಪುಸ್ತಕವನ್ನೇ ಎತ್ತಿ ತೋರಿಸುವವರೂ ಇದ್ದಾರೆ. ಅವರಿಗೆ ಒಂದೇ ಪ್ರಶ್ನೆ. ಪ್ರತಿ ಕೀಟನಾಶಕದ ಡಬ್ಬಿಯ ಮೇಲೆ, ಹೊಡೆದ ಎಷ್ಟು ದಿನಕ್ಕೆ ಕೊಯ್ಯಬೇಕು ಎಂದು ಅಚ್ಚಾಗಿರುತ್ತದೆ. ಮಾರುಕಟ್ಟೆಯಲ್ಲಿ ನೀವು ನಿತ್ಯ ಕೊಳ್ಳುವ ಹೂಕೋಸಿಗೆ ಕೊನೆಯ ಸಲ ಹೊಡೆದದ್ದು ಯಾವಾಗ, ಯಾವ ಔಷಧಿ? ಮೊನೊಕ್ರೊಟೊಫಾಸನ್ನು ತರಕಾರಿಗೆ ಬಳಸಬಾರದೆಂದು ಸರ್ಕಾರ 2005ರಲ್ಲೇ ನಿಷೇಧಿಸಿತು. ಬಳಸಿಲ್ಲ ಎಂದು ನಿಮಗೆ ಹೇಳಿದವರು ಯಾರು? ನಮ್ಮ ಪುಸ್ತಕದಲ್ಲಿ ತಪ್ಪು ಹುಡುಕಲು ನಿಮಗೆ ಸಾಧ್ಯವಾದದ್ದು ಪುಸ್ತಕ ಇದ್ದದ್ದರಿಂದ. ಇನ್ನೊಂದು ಕಡೆಯ ಪುಸ್ತಕವನ್ನೂ ತರಿಸಿ, ಆಮೇಲೆ ಪಕ್ಕದಲ್ಲಿಟ್ಟು ಓದೋಣ.

ಕೊನೆಯದು ಇತ್ತೀಚಿನ ತಕರಾರು, ಇದು ಸಾವಯವದವರಿಂದ ಬಂದದ್ದಲ್ಲ. ಗ್ರಾಹಕರೊಬ್ಬರು, ಹೆಣ್ಣುಮಗಳು, ಪುಸ್ತಕವನ್ನು ಮೊದಲಿಂದ ಕೊನೆವರೆಗೆ ತಿರುವಿ, ‘ಹಸುಗೆ ಏನು ಹಾಕ್ತೀರಿ ಅಂತ ಇದೆ, ಕೆಲಸಕ್ಕೆ ಬರೋರಿಗೆ ಏನು ಕೊಡ್ತೀರಿ ಅಂತ ಇಲ್ವಲ್ಲ’ ಎಂದರು. ಸರಿಯಾದ ಮಾತು. ಅಂದಿನಿಂದ ದಿನಗೂಲಿಯೂ ಬರೆಯುತ್ತಿದ್ದೇವೆ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ. ಕಳೆ, ನಾಟಿ, ಕೊಯ್ಲು ಎಲ್ಲ ಮಾಡುವುದು ಹೆಣ್ಣಾಳು, ಕಡಿಮೆ ಕೂಲಿಯೂ ಅವರಿಗೇ. ನಮ್ಮಲ್ಲಿ ಇಬ್ಬರಿಗೂ ಒಂದೇ, ಅದೂ ಪುಸ್ತಕದಲ್ಲಿ ಎಲ್ಲರಿಗೂ ಕಾಣುವಂತೆ. ಈಗ ಊರಿನ ದೊಡ್ಡ ಹಿಡುವಳಿಯ ರೈತರು ಕಟ್ಟೆಯ ಮೇಲೆ ಕೂತು ದೂರುತ್ತಾರೆ: ‘ಗೊಬ್ಬರ ಗೋಮೂತ್ರ ಏನಾದ್ರೂ ಬರ್ಕೊಳಪ್ಪ, ಇದನ್ನ ಮಾತ್ರ ಬರೀಬೇಡ. ನಿನ್ನ ಪುಸ್ತಕ ನೋಡಿ ನಮ್ಮ ಆಳುಗಳೂ ಅಷ್ಟೇ ಕೇಳ್ತಾರೆ.’ ಹೌದು, ಕೇಳುತ್ತಾರೆ. ಇಬ್ಬರು ಆಗಲೇ ಕೇಳಿದ್ದಾರೆ, ಒಬ್ಬರಿಗೆ ಸಿಕ್ಕಿದೆ. ಆ ಅಂಕಣ ತೆಗೆಯುವುದಿಲ್ಲ.